ಬರೆದ ಮನೆಯ ಯಜಮಾನ

ಉಜ್ಜನಪ್ಪನಿಗೆ ಮನೆಯಿರಲಿಲ್ಲ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತು, ನಿರ್ಗತಿಕರ ಆಶ್ರಮಕ್ಕೆ ಸೇರಲು ಹೋಗಿದ್ದ ಕಥೆಯನ್ನು ಜಟಕಾ ಹೊಡೆಯುವ ಪೀರ್ ಬಾಷಾನಿಗೆ ಹೇಳುತ್ತಿದ್ದ.

“ಅಲ್ಲಿ ಮನಸ್ಸಿನ ಡಾಕ್ಟ್ರು ಒಂದು ಮನೆ ಚಿತ್ರ ಬರಿ ಅಂದ್ರು. ಬರೆದೆ.”

“ಆಮೇಲೆ?”

“ಇದ್ರಲ್ಲಿ ನೀನೆಲ್ಲಿದೀಯ ಅಂದ್ರು. ಜಗಲಿ ಮೇಲೆ ಅಂದೆ.”

“ಒಳಗೆ ಹೋಗೋಕೇನು ರೋಗ?”

“ಅವರೂ ಅದನ್ನೇ ಕೇಳಿದ್ರು. ಯಜಮಾನ ಬೈತಾನೆ ಅಂದೆ.”

“ನೀನೇ ಬರೆದ ಮನೆಗೆ ಯಾವ ಯಜಮಾನನೋ ಮಾರಾಯ?”

“ಅಷ್ಟು ದೊಡ್ಡ ಮನೆ ಬಾಷಾ. ನಂದು ಅಂದ್ರೆ ಯಾರು ನಂಬ್ತಾರೆ?”

“ಸಣ್ಣದು ಬರೀಬೇಕಿತ್ತು.”

“ಸಣ್ಣದಕ್ಕೆ ಜಗಲಿ ಎಲ್ಲಿರುತ್ತೆ?”

“ಡಾಕ್ಟ್ರು ಏನಂದ್ರು?”

“ಮನೆಯೊಳಗಿರೋಕೆ ನಿಂಗೆ ಭಯ, ಅದು ಹೋದ್ಮೇಲೆ ಸೇರಿಸ್ಕೋತೀವಿ ಅಂದ್ರು.”

“ಅಲ್ಲೀವರೆಗೆ?”

“ಇಲ್ಲೇ.”

ಭದ್ರಾವತಿ ಬಸ್ಸು ಬಂತು. ಬಾಷಾ ಗಿರಾಕಿ ಹಿಡಿಯಲು ಎದ್ದ. ಉಜ್ಜನಪ್ಪ ಅವನ ಹಿಂದೆ ಹೋದ. ಉಜ್ಜನಪ್ಪ ಕಳೆದುಕೊಂಡದ್ದು ಆಶ್ರಮದ ಒಂದು ಮಂಚ, ಒಂದು ಕಂಬಳಿ, ದಿನಕ್ಕೆರಡು ಊಟ.