ಬಂದೆ ಅಣ್ಣಾ

ಬಾವಿ ಹತ್ರ ಬಂದಾಗ ಅವನ ಕಾಲು ತಾವಾಗೇ ನಿಧಾನ ಆದ್ವಂತೆ. ಕತ್ತಲಾಗಿತ್ತು. ದಾರೀಲಿ ಒಬ್ಬನೇ. ದೂರದಲ್ಲಿ ಸಮುದ್ರ ಒಂದೇ ಸಮ ಭೋರ್... ಅಂತಿತ್ತು. ಮುಂದೆ ಬಾವಿ. ಅದರಾಚೆ, ಬಲೆ ಹೆಣೆಯೋ ಅಜ್ಜನ ಮನೆ. ಆ ಅಜ್ಜನ ಹತ್ರ ತಪ್ಪಾಯ್ತು ಅನ್ನೋಕೇ ಇವನು ಹೊರಟಿದ್ದು.

ಇವನು ಅಂದ್ರೆ ನನ್ನ ಚಿಕ್ಕಪ್ಪನ ಮಗ. ಕೆಲಸ ಬಸ್ ಕಂಡಕ್ಟರ್, ಮನೇಲಿ ಕರೆಯೋದೂ ಕಂಡಕ್ಟರ್ ಅಂತಲೇ. ಯಾರ ಹಾಗೆ ಬೇಕಾದ್ರೂ ಮಾತಾಡಿ ತೋರಿಸ್ತಾನೆ. ನಮ್ಮ ಮಾವನ ಕೆಮ್ಮು ಕೆಮ್ಮಿ, ಅತ್ತೆ ಬಿಸಿನೀರು ಹಿಡ್ಕೊಂಡು ಓಡಿಬರೋ ಹಾಗೆ ಮಾಡಿದ ಪುಣ್ಯಾತ್ಮ.

ರಜಾ ಸಿಕ್ತು ಅಂತ ಕಡಲ ದಂಡೆ ಹಳ್ಳೀಲಿರೋ ಗೆಳೆಯನ ಮನೆಗೆ ಹೋಗಿದ್ದ. ಗೆಳೆಯ ದೋಣಿ ಇಂಜಿನ್ ರಿಪೇರಿ ಮಾಡ್ತಾನೆ. ಅವತ್ತು ಅವನೂ ಅಂಗಡಿ ಬಾಗಿಲು ಹಾಕಿದ. ಬೆಳಗ್ಗೆ ಇಬ್ಬರೂ ಅಲೆಗೆ ಬಿದ್ದು ಎದ್ದು, ಕಿವಿ ತುಂಬ ಮರಳು ತುಂಬ್ಕೊಂಡ್ರು. ಮಧ್ಯಾಹ್ನ ಹೊಟ್ಟೆ ಬಿರಿಯೋಷ್ಟು ಊಟ, ಆಮೇಲೆ ನಿದ್ದೆ. ಸಂಜೆ ಗೆಳೆಯನ ಹೆಂಡತಿ, ಇವನು ಅತ್ತಿಗೆ ಅಂತ ಕರೆಯೋರು, ಫ್ಲಾಸ್ಕಲ್ಲಿ ಚಹಾ ತಂದ್ರು. ಮೂರೂ ಜನ ದಂಡೇಲಿ ಕವುಚಿ ಹಾಕಿದ್ದ ದೋಣಿಗೆ ಒರಗಿ ಕೂತ್ರು.

ಆಗ ಕೇಳಿಸ್ತು.

"ತಮ್ಮಾ... ಬಂದ್ಯೇನೋ..."

ನೀರಿನಂಚಲ್ಲಿ ಅಜ್ಜ ನಿಂತಿದ್ರು. ಬಾಯಿ ಸುತ್ತ ಎರಡೂ ಕೈ ಹಿಡಿದು ಕೂಗ್ತಿದ್ರು.

"ಯಾರನ್ನೋ ಕರೀತಿರೋದು?" ಕಂಡಕ್ಟರ್ ಕೇಳಿದ.

"ತಮ್ಮನ್ನ," ಗೆಳೆಯ ಅಂದ. "ಹರೆಯದಲ್ಲಿ ದೋಣಿ ತಗೊಂಡು ಹೋದೋನು ವಾಪಸ್ ಬರ್ಲಿಲ್ಲ. ಇವರೇ ಅವತ್ತು ಬೈದು ಕಳಿಸಿದ್ರಂತೆ. ಆಗಿಂದ ದಿನಾ ಸಂಜೆ ಹೀಗೇ."

"ಆ ಮಾತು ಬಿಡಿ," ಅಂದ್ರು ಅತ್ತಿಗೆ.

ಕಂಡಕ್ಟರ್‌ಗೆ ನಾಲಿಗೆ ತುರಿಸ್ತು. ದೋಣಿ ಮರೆಗೆ ಬಗ್ಗಿ, ಹರೆಯದ ಹುಡುಗನ ದನೀಲಿ ಕೂಗಿಬಿಟ್ಟ.

"ಬಂದೆ ಅಣ್ಣಾ..."

ಗೆಳೆಯ ಫಕ್ಕನೆ ನಕ್ಕ. ಅತ್ತಿಗೆ ನಗಲಿಲ್ಲ.

ಅಜ್ಜ ಇವರ ಕಡೆ ತಿರುಗಲೇ ಇಲ್ಲ. ನೀರಿನ ಕಡೆಗೇ ನೋಡ್ತಾ, "ಬಾರಪ್ಪ... ಬೈಯಲ್ಲ, ಬಾ," ಅಂದ್ರು. ಆಮೇಲೆ ಮನೆ ಕಡೆ ಓಡಿದ್ರು. ಆ ವಯಸ್ಸಲ್ಲಿ... ಚಪ್ಪಲಿ ಮರಳಲ್ಲೇ ಬಿಟ್ಟು.

ಉಳಿದ ಚಹಾ ಯಾರೂ ಕುಡೀಲಿಲ್ಲ. ವಾಪಸ್ ಬರ್ತಾ ನೋಡ್ತಾರೆ, ಅಜ್ಜ ಬಾಗಿಲ ಮುಂದೆ ಕಸ ಗುಡಿಸ್ತಿದ್ದಾರೆ. ಒಳಗೆ ಒಲೆ ಹತ್ತಿದೆ, ಚಾಪೆ ಹಾಸಿದೆ. ಕಂಡಕ್ಟರ್ ತಲೆ ತಗ್ಗಿಸಿ ದಾಟಿದ. ರಾತ್ರಿ ತಟ್ಟೆ ಮುಂದೆ ಕೂತು ಅನ್ನ ಕಲಸ್ತಾನೇ ಇದ್ದ.

"ಹೋಗಿ ಹೇಳಿ ಬನ್ನಿ," ಅಂದ್ರು ಅತ್ತಿಗೆ. ಅಷ್ಟೇ. ಗೆಳೆಯ ಮುಖ ಎತ್ತಲಿಲ್ಲ.

ಹಾಗೆ ಹೊರಟೋನು ಬಾವಿ ಹತ್ರ ಬಂದ. ಕಿರ್ರ್... ಕಿರ್ರ್... ಅಂತ ರಾಟೆ ಸದ್ದು. ಕೊಡ ನೀರಿಗೆ ಬಿತ್ತು, ಬುಡುಕ್. ಆಮೇಲೆ ಯಾರೋ ಕಾಲಿಗೆ ನೀರು ಸುರ್ಕೊಳ್ಳೋ ಸದ್ದು. ಅಂಗಾಲನ್ನ ಕಲ್ಲಿಗೆ ಉಜ್ಜೋ ಸದ್ದು. ಬಾವಿಕಟ್ಟೆ ಮೇಲೆ ಯಾರೂ ಇಲ್ಲ. ರಾಟೆ ಮಾತ್ರ ಇನ್ನೂ ತಿರುಗ್ತಿತ್ತು...

"ಬಂದೆ ಅಣ್ಣಾ..."

ಅಜ್ಜನ ಮನೆ ಬಾಗಿಲ ಹತ್ರದಿಂದ ಬಂತು. ಇವನು ಸಂಜೆ ಕೂಗಿದ ಅದೇ ದನಿ. ಈಗ ಇವನ ಬಾಯಿ ಮುಚ್ಚಿತ್ತು.

ಓಡಿಹೋಗ್ಬೇಕು ಅನ್ನಿಸ್ತಂತೆ. ಆದ್ರೆ ಮತ್ತೆ ಅತ್ತಿಗೆಗೆ ಯಾವ ಮುಖ ತೋರಿಸೋದು? ಹೋಗಿ ಬಾಗಿಲು ತಟ್ಟಿದ. ಅಜ್ಜ ಒಂಚೂರು ತೆಗೆದು, ತುಟಿ ಮೇಲೆ ಬೆರಳಿಟ್ರು.

"ಮೆಲ್ಲಗೆ... ಈಗ ತಾನೇ ಮಲಗಿದ."

"ಅಜ್ಜಾ... ಸಂಜೆ ಕೂಗಿದ್ದು..."

"ನಿಂಗೂ ಕೇಳಿಸ್ತಾ ಮಗಾ?" ಅಜ್ಜ ಅವನ ಕೈ ಹಿಡ್ಕೊಂಡ್ರು. "ಊರಲ್ಲಿ ಎಲ್ರೂ ನಂಗೆ ತಲೆ ಕೆಟ್ಟಿದೆ ಅಂತಾರೆ. ನೀನಾದ್ರೂ ಹೇಳು, ಕೇಳಿಸ್ತಲ್ವಾ?"

ಅಜ್ಜನ ಹಿಂದೆ ಕತ್ತಲಲ್ಲಿ ಚಾಪೆ ಸರಕ್ ಅಂತು. ಯಾರೋ ಮಗ್ಗುಲು ಬದಲಿಸಿ, ಉದ್ದಕ್ಕೆ ಉಸಿರು ಬಿಟ್ರು.

"ಕೇಳಿಸ್ತು ಅಜ್ಜಾ," ಅಂದ ಇವನು. ಹೇಳೋಕೆ ಬಂದಿದ್ದನ್ನ ಹೇಳಲೇ ಇಲ್ಲ. ಇವತ್ತಿಗೂ ಹೇಳಿಲ್ಲ.

ದೆವ್ವ ನೋಡ್ದೆ ಅಂತ ಜಂಬ ಕೊಚ್ಚೋರನ್ನ ನಾನೂ ನೋಡಿದ್ದೀನಿ. ಇವನು ನೆಲ ನೋಡ್ಕೊಂಡೇ ಹೇಳಿದ. ತನ್ನ ಮಾನ ತಾನೇ ಕಳ್ಕೊಳ್ಳೋಕೆ ಯಾರಾದ್ರೂ ಸುಳ್ಳು ಕಟ್ತಾರಾ? ನಡೆದದ್ದೇ ಇದು.

ಮಾರನೇ ಬೆಳಗ್ಗೆ ಅಜ್ಜನ ಮನೆ ಮುಂದೆ ಹಗ್ಗದ ಮೇಲೆ ಒಂದು ಅಂಗಿ ಒಣ ಹಾಕಿತ್ತಂತೆ. ಹುಡುಗರು ಹಾಕೋ ಅಳತೇದು. ತೊಟ್... ತೊಟ್... ಅಂತ ನೀರು ಬೀಳ್ತಿತ್ತು. ಮಧ್ಯಾಹ್ನ ಸುಡೋ ಬಿಸಿಲಲ್ಲಿ ಇವನು ಬಸ್ಸಿಗೆ ಹೊರಟಾಗ ಮತ್ತೆ ನೋಡಿದ.

ಇನ್ನೂ ತೊಟ್ಟಿಕ್ತಾನೇ ಇತ್ತು.