ಯಾದವನ ಲಾರಿಯ ಸದ್ದು

ಯುದ್ಧ ಮುಗಿದ ವರ್ಷ. ಮಂಗಳೂರಿನ ಆಸ್ಪತ್ರೆಯ ಬೆಂಚಿನಲ್ಲಿ, ನನ್ನ ಪಕ್ಕ, ಕೈ ಸುಟ್ಟುಕೊಂಡ ಮುದುಕರೊಬ್ಬರು ಸೊಸೆಯೊಡನೆ ಕುಳಿತಿದ್ದರು.

“ವೆಲ್ಡಿಂಗ್ ಸರಿಯಾಗಿ ಬಾರದೆ ಲಾರಿಯ ಸೈಲೆನ್ಸರ್ ಪೈಪ್ ಯಾಕೆ ಬದಲಿಸ್ಲಿಕ್ಕೆ ಹೋದ್ರಿ ಮಾವ? ಗ್ಯಾರೇಜಿಗೆ ಕೊಡಬಹುದಿತ್ತಲ್ಲ?”

“ತಾನು ಬರುವವರೆಗೆ ಲಾರಿ ಯಾರ ಕೈಗೂ ಕೊಡಬೇಡಿ ಅಂತ ಯುದ್ಧಕ್ಕೆ ಹೋಗುವಾಗ ಯಾದವ ಹೇಳಿದ್ದಾನೆ. ಅದಕ್ಕೇ ಮನೆಯಲ್ಲೇ ಕಲಿತೆ.”

“ಅವರು ಬರ್ಮಾದಲ್ಲೇ ತೀರಿಹೋದ್ರಲ್ಲ ಮಾವ.”

“ಗೊತ್ತುಂಟು ಮಗಾ.”

“ಮತ್ತೆ ಎಂತಕ್ಕೆ?”

“ಅವನು ಕೊಟ್ಟಾರದ ತಿರುವು ದಾಟುವಾಗಲೇ ಮನೆಗೆ ಲಾರಿಯ ಸದ್ದು ಕೇಳ್ತಿತ್ತು. ಅದು ಕೇಳಿದ ಕೂಡಲೇ ನೀನು ಅನ್ನಕ್ಕೆ ಇಡ್ತಿದ್ದೆ. ಒಡೆದ ಪೈಪಿನಲ್ಲಿ ಆ ಸದ್ದು ಬರುವುದಿಲ್ಲ. ಒಮ್ಮೆ ಕೇಳುವಾಂತ ಆಸೆ ಆಯ್ತು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕಂಪೌಂಡರ್ ಕರೆದ.

“ಪೈಪ್ ಕೂತಿತಾ ಮಾವ?”

“ಅರ್ಧ.”

“ಇನ್ನರ್ಧಕ್ಕೆ ನಾನು ಹಿಡಿದುಕೊಳ್ತೇನೆ,” ಎನ್ನುತ್ತಾ ಅವರನ್ನು ಒಳಗೆ ಕರೆದುಕೊಂಡು ಹೋದಳು.