ಎರಡನೇ ಹೊಲಿಗೆ

ಅಯ್ಯೋ, ಆ ಕುರ್ಚಿ ಬೇಡ! ಇಲ್ಲಿ, ಮಂಚದ ಮೇಲೆ ಕೂತ್ಕೊಳ್ಳಿ. ಆ ಕುರ್ಚಿ ದಿಂಬಿಗೆ ನಾನು ಸೂಜಿ ಚುಚ್ಚಿಡ್ತೀನಿ. ಹೋದ ವಾರ ಕರೆಂಟ್ ಬಿಲ್ಲು ತಂದೋನು ಗೊತ್ತಿಲ್ದೆ ಕೂತ, ಕೂತಷ್ಟೇ ಬೇಗ ಎದ್ದ! ಬಿಲ್ಲು ಇಲ್ಲೇ ಬಿಟ್ಟು ಓಡಿದ... ನಗು ಬರಲಿಲ್ವಾ? ನಿಮ್ಮ ಮಗಳು ಚಿನಕುರುಳಿ ಇದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗೋಳು. ಎಲ್ಲಿ ಅವಳು? ಮೆಟ್ಟಿಲ ಹತ್ರ ಬಚ್ಚಿಟ್ಕೊಂಡಿದಾಳಾ? ಅಮ್ಮನ್ನ ಮುಂದೆ ಕಳ್ಸಿ ಹಿಂದಿನಿಂದ ಹೆದರಿಸೋದು ಅವಳ ಆಟ, ನಂಗೊತ್ತಿಲ್ವಾ? ಏ ಚಿನಕುರುಳಿ! ಬಾರೇ ಈಚೆ! ಸೂಜಿಯಜ್ಜಿ ನೋಡಿಬಿಟ್ಟಳು!

...ಬಂದಿಲ್ವಾ.

ಭಾನುವಾರ ಅಲ್ವಾ ಇವತ್ತು, ಬಂದೇ ಬರ್ತಾಳೆ ಅಂತ ಬಿಸ್ಕತ್ತು ತಂದಿಟ್ಟಿದ್ದೆ. ಇರಲಿ, ಇರಲಿ. ಆದ್ರೆ ಅವಳಿಲ್ದೆ ಹೆಂಗೆ? ಚೀಲದಲ್ಲಿ ನೀಲಿ ಫ್ರಾಕು ತಾನೇ? ಬಿಗಿ ಆಗಿರತ್ತೆ. ಬೆಳೆಯೋ ಹುಡುಗಿ, ಆಗದೆ ಇರತ್ತಾ! ಮೈಮೇಲೆ ಹಾಕಿ ನೋಡಿದ್ರೇನೇ ಎಲ್ಲಿ ಸಡಿಲ ಬಿಡ್ಬೇಕು ಅಂತ ತಿಳಿಯೋದು. ಮುಂದಿನ ಭಾನುವಾರ ಕರ್ಕೊಂಡು ಬನ್ನಿ. ನಿಮ್ಮ ಆಸ್ಪತ್ರೆ ಡ್ಯೂಟಿ ಇದ್ರೆ ಬಿಟ್ಟು ಹೋಗಿ, ನಾನು ನೋಡ್ಕೋತೀನಿ. ನರ್ಸುಗಳಿಗೆ ಭಾನುವಾರ ಎಲ್ಲಿ, ಸೋಮವಾರ ಎಲ್ಲಿ...

ಏನು ನೋಡ್ತಿದ್ದೀರಿ, ಆ ಫೋಟೋನಾ? ಗಾರ್ಮೆಂಟ್ ಫ್ಯಾಕ್ಟರಿ ಮುಚ್ಚೋ ದಿನ ತೆಗೆದಿದ್ದು. ಮೂರನೇ ಸಾಲಲ್ಲಿ ಕಣ್ಣು ಮುಚ್ಕೊಂಡು ನಿಂತಿರೋಳೇ ನಾನು. ಇಪ್ಪತ್ತೆರಡು ವರ್ಷ ರೀ! ಇಪ್ಪತ್ತೆರಡು ವರ್ಷ ಬರೀ ಕಾಲರು. ಒಂದು ಇಡೀ ಶರ್ಟು ಹೊಲಿದೋಳಲ್ಲ. ತೋಳು ಇನ್ಯಾರೋ, ಜೇಬು ಇನ್ಯಾರೋ. 'ಕಾಲರಕ್ಕ' ಅಂತಾನೇ ಹೆಸರು ಬಿದ್ದಿತ್ತು. ಎಡಕ್ಕೊಬ್ಬಳು, ಬಲಕ್ಕೊಬ್ಬಳು, ಎದುರಿಗೊಬ್ಬಳು... ಸೂಪರ್‌ವೈಸರ್ ಆ ಕಡೆ ತಿರುಗಿದ್ರೆ ಸಾಕು, ಯಾರ ಬಾಯಿಗೂ ಬೀಗ ಇಲ್ಲ. ನನಗೆ ಗಂಡಾನೂ ಇಲ್ಲ, ಅತ್ತೇನೂ ಇಲ್ಲ, ಆದ್ರೂ ಎಲ್ಲರ ಅತ್ತೆಯರನ್ನೂ ಸೇರಿಸ್ಕೊಂಡು ಬೈತಿದ್ದೆ!

ಮುಚ್ಚಿದ ಮೇಲೆ ಈ ಕೋಣೆಲಿ ಬಂದು ಕೂತೆ ನೋಡಿ... ಆರು ನೂರು ಮೆಷಿನ್ನಿನ ಸದ್ದು ಒಂದೇ ಏಟಿಗೆ ನಿಂತ್ರೆ ಹೆಂಗಿರತ್ತೆ? ಕಿವಿ ಗುಂಯ್ ಅನ್ನೋದು. ಒಂದಿನ ಬೆಳಗ್ಗೆ ಹಾಲಿನವನನ್ನ ಕೂಗೋಣ ಅಂತ ಬಾಯಿ ತೆಗೆದ್ರೆ ಸ್ವರಾನೇ ಹೊರಡಲಿಲ್ಲ. ಗಂಟಲು ಕಟ್ಟಿದೆ ಅನ್ಕೊಂಡೆ. ಆಮೇಲೆ ಎಣಿಸಿದ್ರೆ ಮೂರು ದಿನದಿಂದ ಯಾರ ಹತ್ರಾನೂ ಒಂದು ಮಾತು ಆಡಿರಲಿಲ್ಲ...

ಅದಕ್ಕೇ ಮಕ್ಕಳ ಬಟ್ಟೆ ಹಿಡಿದಿದ್ದು. ದೊಡ್ಡೋರು ಹಳೇ ಬಟ್ಟೆ ಅಳತೆಗೆ ಕೊಟ್ಟು ಹೊರಟುಬಿಡ್ತಾರೆ. ಮಕ್ಕಳು ಹಂಗಲ್ಲ. ಕುಣೀತಾರೆ, ಟೇಪು ಎಳೀತಾರೆ, ಗುಂಡಿ ಡಬ್ಬಿ ಬೀಳಿಸ್ತಾರೆ. ಮೊದಲ ವರ್ಷ ಹನ್ನೊಂದು ಮಕ್ಕಳು ಬರ್ತಿದ್ರು. ಆಮೇಲೆ ಮೂಲೇಲಿ ಆ ದೊಡ್ಡ ಬಟ್ಟೆ ಅಂಗಡಿ ಆಯ್ತಲ್ಲ, ಒಬ್ಬೊಬ್ಬರೇ ಉದುರಿದ್ರು. ಉಳಿದೋಳು ನಿಮ್ಮೋಳು ಒಬ್ಬಳೇ.

ಅವಳು ಮೊದಲ ಸಲ ಬಂದಿದ್ದು ನೆನಪಿದೆಯಾ ನಿಮಗೆ? ಆಗ ಆರು ವರ್ಷ ಅವಳಿಗೆ. ಕುತ್ತಿಗೆ ಸುತ್ತ, ಕಂಕುಳಲ್ಲಿ ಕೆಂಪು ಕೆಂಪು ಗೀರು. 'ಒಳಗಡೆ ಹೊಲಿಗೆ ಕಚ್ಚತ್ತೆ ಅಜ್ಜಿ' ಅಂದ್ಲು. ಕಚ್ಚತ್ತೆ! ಹೊಲಿಗೆಗೆ ಹಲ್ಲಿದೆ ಅಂತ ಅಷ್ಟು ವರ್ಷ ಹೊಲಿದೋಳಿಗೇ ಗೊತ್ತಿರಲಿಲ್ಲ. ಹಳೇ ಬೆಡ್‌ಶೀಟು ಹರಿದು ಮೆತ್ತನೆ ಪಟ್ಟಿ ಮಾಡಿ, ಒಂದೊಂದು ಹೊಲಿಗೆ ಮೇಲೂ ಕೂರಿಸಿ ಮುಚ್ಚಿಕೊಟ್ಟೆ. ಹಾಕ್ಕೊಂಡ್ಲು, ಎರಡೂ ಕೈ ಮೇಲೆತ್ತಿದ್ಲು, ಒಂದು ಸುತ್ತು ತಿರುಗಿದ್ಲು... 'ಅಮ್ಮಾ, ಕಚ್ತಾ ಇಲ್ಲ!' ಅಂದ್ಲು. ನೀವು ಇಲ್ಲೇ ಅತ್ತುಬಿಟ್ರಿ. ನಾನು ನೀವು ಹೋದ್ಮೇಲೆ ಅತ್ತೆ.

ಕೊಡಿ, ಕೊಡಿ ಈಚೆ... ಇದೇನು, ಮೂರೂ ತಂದಿದ್ದೀರಿ? ನೀಲೀದು, ಚೌಕಳೀದು, ಜೇಬಿಂದು. ಮೂರೂ ಬಿಗೀನಾ? ಹಾಗಾದ್ರೆ ಒಂದೇ ದಿನಕ್ಕೆ ಆಗಲ್ಲಪ್ಪ. ಪಟ್ಟಿ ಬಿಚ್ಚಬೇಕು, ಹೊಲಿಗೆ ಬಿಚ್ಚಬೇಕು, ಒಂದೊಂದಕ್ಕೂ ಒಂದೂವರೆ ಗಂಟೆ. ಬರ್ಲಿ ಬಿಡಿ, ಅವಳಿಗೇನೂ ಬೇಜಾರಾಗಲ್ಲ. ಕಿಟಕಿ ಕಟ್ಟೆ ಮೇಲೆ ಕೂತು ಒಂದೇ ಸಮ ವಟವಟ. ಲೆಕ್ಕದ ಮೇಷ್ಟ್ರು ಸೀನೋಕೆ ಶುರು ಮಾಡಿದ್ರೆ ಇಡೀ ಕ್ಲಾಸು ಎಣಿಸತ್ತಂತೆ, ಏಳು ಸೀನು ದಾಟಿದ್ರೆ ಅವತ್ತು ಹೋಂವರ್ಕ್ ಮರೆತುಬಿಡ್ತಾರಂತೆ! ನಿಮಗೆ ಹೇಳಿಲ್ವಾ? ನನಗೆ ಎಲ್ಲಾ ಹೇಳ್ತಾಳೆ. ಹೇಳ್ತಿದ್ಲು... ಎರಡು ಸಲದಿಂದ ಯಾಕೋ ಸುಮ್ನೆ ಕೂತಿದ್ಲು. ನೆಗಡಿ ಇರ್ಬೇಕು ಅನ್ಕೊಂಡೆ.

ನೀರು ಮುಟ್ಟೇ ಇಲ್ವಲ್ಲ ನೀವು. ತಣ್ಣಗಿದೆ, ಕುಡೀರಿ.

ಏನು? ಊಟ ಬಿಟ್ಟಿದಾಳಾ? ಅಯ್ಯೋ, ಮಕ್ಕಳು ಹಂಗೇ ರೀ, ಒಂದು ವಾರ ತಿಂತಾರೆ, ಒಂದು ವಾರ ಮುಖ ತಿರುಗಿಸ್ತಾರೆ... ಎರಡು ತಿಂಗಳಿಂದಾ? ಊಟದ ಡಬ್ಬಿ ಪಕ್ಕದ ಹುಡುಗಿಗೆ ಕೊಟ್ಟು, ತೊಳ್ಕೊಂಡು ತರ್ತಿದ್ಲಾ? ನಿಮಗೆ ಗೊತ್ತಾಗದ ಹಂಗೆ? ಅಷ್ಟು ಪುಟ್ಟ ಹುಡುಗಿ... ಬಿದ್ಲಾ! ಸ್ಕೂಲಲ್ಲಿ? ನಿಂತ ಹಾಗೇ? ತಲೆಗೆ ಪೆಟ್ಟಾಯ್ತಾ? ಈಗ ಹೆಂಗಿದಾಳೆ, ಮನೇಲಿ ಯಾರಿದ್ದಾರೆ? ಹೂಂ... ದೊಡ್ಡಮ್ಮ ಇದ್ದಾರಾ. ಸದ್ಯ.

ಯಾಕಂತೆ? ಕೇಳಿದ್ರಾ, ಯಾಕಂತ?

...'ಫ್ರಾಕಲ್ಲಿ ನಾನು ಹಿಡಿಸಬೇಕು' ಅಂದ್ಲಾ.

ಬಟ್ಟೆ ಕುಗ್ಗಿರತ್ತೆ ರೀ! ಹತ್ತಿ ಬಟ್ಟೆ, ನೀರಿಗೆ ಬಿದ್ರೆ ಕುಗ್ಗತ್ತೆ. ಬಿಸಿನೀರಲ್ಲಿ ನೆನೆಸಿದ್ರಾ? ನಾನು ಹೇಳಿದ್ದೆ, ಬಿಸಿನೀರು ಬೇಡ ಅಂತ... ಈ ನೀಲೀದು ಒಗೆದೇ ಇಲ್ವಾ. ಸರಿ. ಹಾಗಾದ್ರೆ ಅಳತೆ ಬರ್ಕೊಳ್ಳೋವಾಗ ಏನಾದ್ರೂ... ಒಂದು ಕಡೆ ನಿಲ್ಲಲ್ಲ ಅವಳು, ಕುಣೀತಾನೇ ಇರ್ತಾಳೆ... ಯಾಕೆ ಅದನ್ನ ಒಳಗು ಹೊರಗು ಮಾಡ್ತಿದ್ದೀರಿ? ಒಳಗೇನಿದೆ? ಬಿಡಿ, ನಾನು ನೋಡ್ತೀನಿ, ಕೊಡಿ ಈಚೆ...

ಪಟ್ಟಿ ಬಿಚ್ಚಿದ್ದೀರಿ.

ಯಾರು, ನೀವೇನಾ? ...ಎಷ್ಟು ಚೆನ್ನಾಗಿ ಬಿಚ್ಚಿದ್ದೀರಿ. ಗಾಯದ ಹೊಲಿಗೆ ಬಿಚ್ಚಿದ ಕೈ. ಬಟ್ಟೆಯ ಒಂದು ಎಳೇನೂ ಹರಿದಿಲ್ಲ.

ಹೌದು, ಎರಡು ಸಾಲು ಹೊಲಿಗೆ ಇದೆ. ಗಟ್ಟಿ ಬರಲಿ ಅಂತ. ಮಕ್ಕಳು ಎಳೆದಾಡ್ತಾರಲ್ಲ, ಅದಕ್ಕೆ ಎರಡೆರಡು ಹಾಕೋದು ಪದ್ಧತಿ. ಯಾವ ಟೈಲರನ್ನ ಬೇಕಾದ್ರೂ... ಯಾವ ಟೈಲರ್ ಗಟ್ಟಿ ಬರಲಿ ಅಂತ ಅರ್ಧ ಇಂಚು ಒಳಗೆ ಹಾಕ್ತಾನೆ ಅಂತೀರಾ? ನೀವೇನೂ ಅನ್ನಲಿಲ್ಲ. ನಾನೇ ಅಂದೆ.

ಟೇಪು ಅಲ್ಲಿದೆ, ಹಿಡಿದು ನೋಡಿ. ಹೊರಗಿನ ಸಾಲು ಅವಳ ಅಳತೆ. ಕೂದಲೆಳೆಯಷ್ಟೂ ತಪ್ಪಿಲ್ಲ. ಮಗು ಹೆಂಗಿರ್ಬೇಕೋ ಹಂಗೇ ಇದಾಳೆ, ಅವಳಿಗೆ ಏನೂ ಆಗಿಲ್ಲ. ಒಳಗಿನ ಸಾಲು ನಂದು.

ಮೊದಲನೇ ಸಲ ನಿಜವಾಗ್ಲೂ ತಪ್ಪಾಗಿತ್ತು. ಆಣೆ ಮಾಡಿ ಹೇಳ್ತೀನಿ. ಕಣ್ಣು ಮಂಜು ಮಂಜಾಗಿತ್ತು, ಹೊಲಿಗೆ ಒಳಗೆ ಸರಿದಿತ್ತು. ಬಿಗಿ ಅಂತ ವಾಪಸ್ ತಂದ್ರಿ, ಅವಳನ್ನ ಬಿಟ್ಟು ಡ್ಯೂಟಿಗೆ ಹೋದ್ರಿ. ಮಧ್ಯಾಹ್ನ ಪೂರ್ತಿ ಇಲ್ಲಿದ್ಲು. ದಾರದ ಬಾಬಿನ್‌ಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿಟ್ಲು, ಒಂದೊಂದಕ್ಕೂ ಹೆಸರಿಟ್ಲು, ಮೆಷಿನ್ನಿಗೆ ಜ್ವರ ಬಂದಿದೆ ಅಂತ ಒದ್ದೆ ಬಟ್ಟೆ ಹಾಕಿದ್ಲು... ಅವಳು ಹೋದ್ಮೇಲೆ ಈ ಕೋಣೆ ಹೆಂಗಾಯ್ತು ಗೊತ್ತಾ ನಿಮಗೆ? ಇನ್ನೊಂದು ಫ್ರಾಕಿಗೆ ಮೂರು ತಿಂಗಳು ಕಾಯ್ಬೇಕು. ಮೂರು ತಿಂಗಳು! ಗೋಡೆ ಹತ್ರ ಎಷ್ಟು ಅಂತ ಮಾತಾಡ್ಲಿ?

ಮುಂದಿನ ಫ್ರಾಕು ಸರಿಯಾಗೇ ಹೊಲಿದೆ. ಹೊಲಿದು ಮುಗಿಸಿದೆ, ಎತ್ತಿ ಹಿಡಿದು ನೋಡಿದೆ, ಲಕ್ಷಣವಾಗಿತ್ತು. ಪಟ್ಟಿ ಹಚ್ಚಬೇಕಿತ್ತು ಅಷ್ಟೇ. ಕಾಲು ತಾನಾಗೇ ಮೆಷಿನ್ ತುಳೀತು ಅಂದ್ರೆ ಸುಳ್ಳಾಗತ್ತೆ. ನಾನೇ ತುಳಿದೆ. ಅರ್ಧ ಇಂಚು ಒಳಗೆ. ಬಿಚ್ಚೋಕೆ ಐದು ನಿಮಿಷ ಸಾಕು ಅದಕ್ಕೆ. ನಾನು ಗಂಟೆಗಟ್ಟಲೆ ಬಿಚ್ತಿದ್ದೆ. ಅವಳ ಮಾತು ಮುಗಿಯೋ ತನಕ ಬಿಚ್ತಿದ್ದೆ.

ಮುಗೀತು. ಹೇಳಿಬಿಟ್ಟೆ. ಈಗ ಬಯ್ಯಿರಿ. ಬಾಯಿಗೆ ಬಂದ ಹಾಗೆ ಬಯ್ಯಿರಿ, ನಾನು ಒಂದು ಮಾತೂ ಎದುರು ಆಡಲ್ಲ.

...ಇನ್ನೂ ಯಾಕೆ ಹಂಗೇ ನೋಡ್ತಿದ್ದೀರಿ? ಹೇಳಿದ್ನಲ್ಲ! ಅಷ್ಟೇ ಇದ್ದಿದ್ದು. ಇನ್ನೇನೂ ಇಲ್ಲ. ಅವಳಿಗೆ ನೀವೇ ಬಿಡಿಸಿ ಹೇಳಿ, ಟೈಲರಜ್ಜಿ ಬಿಗಿ ಹೊಲಿದಿದ್ಲು ಕಣೇ, ನಿನ್ನದೇನೂ ತಪ್ಪಿಲ್ಲ ಅಂತ. ನೀವು ಹೆತ್ತ ತಾಯಿ, ನಿಮ್ಮ ಮಾತು ನಂಬದೆ ಇರ್ತಾಳಾ?

ಹೇಳಿದ್ರಾ? ನಿನ್ನೇನೇ? ಈ ಎರಡು ಸಾಲೂ ತೋರ್ಸಿದ್ರಾ? ಏನಂದ್ಲು?

...'ಸೂಜಿಯಜ್ಜಿ ನನಗೆ ಸುಳ್ಳು ಹೇಳಲ್ಲ.'

ಅಷ್ಟೇ ಅಂದ್ಲಾ. ಅಜ್ಜಿ ಏನು ಹೇಳಿದ್ಲು ಅಂತ ಹೇಳಲಿಲ್ವಾ. ಹೇಳಲ್ಲ. ಅವಳು ನನ್ನ ಬಿಟ್ಟುಕೊಡೋಳಲ್ಲ. ಅದನ್ನ ಕೇಳೋಕೇ ಬಂದ್ರಿ ನೀವು.

ಒಂದಿನ ಆ ಕನ್ನಡಿ ಮುಂದೆ ನಿಂತಿದ್ಲು. ಝಿಪ್ಪು ಅರ್ಧಕ್ಕೆ ನಿಂತಿತ್ತು. ಕನ್ನಡೀಲೇ ನನ್ನ ನೋಡ್ತಾ ಕೇಳಿದ್ಲು, 'ಅಜ್ಜಿ, ನೀನು ತಪ್ಪು ಹೊಲಿದ್ಯಾ, ಇಲ್ಲಾ ನಾನು ದಪ್ಪ ಆದ್ನಾ?' ಅಂತ. ಎರಡರಲ್ಲಿ ಒಂದು ಹೇಳ್ಬೇಕಿತ್ತು ನಾನು. ತಪ್ಪು ಹೊಲಿದೆ ಅಂದ್ರೆ... ಮತ್ತೆ ಮತ್ತೆ ತಪ್ಪು ಹೊಲಿಯೋಳ ಹತ್ರ ನೀವು ಯಾಕೆ ಬರ್ತೀರಿ? ಬೇರೆ ಯಾರನ್ನಾದ್ರೂ ಹುಡುಕ್ತೀರಿ. ಅವಳ ಹೊಟ್ಟೆ ಮೆಲ್ಲಗೆ ಚಿವುಟಿದೆ. ನಗ್ತಾನೇ ಅಂದೆ, ತಮಾಷೆಗೆ ಅಂದ ಹಾಗೇ ಅಂದೆ... 'ನೀನೇ ಕಣೇ ಡುಮ್ಮಿ ಆಗ್ತಿರೋದು.'

ಅವಳು ನಗಲಿಲ್ಲ.

ಆಮೇಲೂ ಅಂದೆ. ಬಂದಾಗೆಲ್ಲ ಅಂದೆ. ಕೊನೆ ಎರಡು ಸಲ ಟೇಪು ಸುತ್ತೋವಾಗ ಹೊಟ್ಟೆ ಒಳಕ್ಕೆಳ್ಕೊಂಡು, ಉಸಿರು ಹಿಡ್ಕೊಂಡು ನಿಂತಿದ್ಲು. ಪಕ್ಕೆಲುಬು ಟೇಪಿಗೆ ಸಿಗ್ತಿತ್ತು. ನನ್ನ ಕೈಗೆ ಗೊತ್ತಾಯ್ತು. ಅವಳ ಮೈ ಇಳೀತಿದೆ ಅಂತ ಈ ಕೈಗೆ ಗೊತ್ತಾಯ್ತು. ಆದ್ರೂ ಈ ನೀಲೀದಕ್ಕೆ ಅರ್ಧ ಇಂಚು...

ಎದ್ದುಬಿಟ್ರಾ. ಬಟ್ಟೆ ಬಿಟ್ಟು ಹೋಗಿ, ಈಗಲೇ ಒಳಗಿನ ಸಾಲು ಎಳೆದು... ಬೇಡ. ತಗೊಂಡು ಹೋಗಿ. ನಾನು ಇನ್ನು ಅದನ್ನ ಮುಟ್ಟಲ್ಲ.

ಬಾಗಿಲು ಹಿಡ್ಕೊಂಡು ಯಾಕೆ ನಿಂತಿದ್ದೀರಿ? ಯಾರಾದ್ರೂ ಬರ್ತಿದ್ದಾರಾ? ...ನಾನೇ ಬಂದು ಹೇಳ್ಬೇಕಾ? ನಿಮ್ಮ ಮನೆಗಾ? ಇವತ್ತು ಬೇಡ ರೀ, ಅವಳಿಗೆ ಸುಸ್ತಿರತ್ತೆ, ನಾಳೆ, ನಾಡಿದ್ದು ನಾನೇ... ಅಥವಾ ಒಂದು ಚೀಟಿ ಬರ್ಕೊಡ್ತೀನಿ, ನೀವು ಓದಿ ಹೇಳಿ...

ಸರಿ. ಚಪ್ಪಲಿ ಎಲ್ಲಿ ಹೋಯ್ತು... ಏನಂತ ಶುರು ಮಾಡ್ಲಿ? ಕಣ್ಣಿಟ್ಟು ನೋಡ್ತಾಳೆ ಅವಳು, ಅಜ್ಜಿ ಸುಳ್ಳು ಹೇಳಲ್ಲ ಅಂತ ನೋಡ್ತಾಳೆ. ಮೊದಲ ಮಾತು ಏನು ಆಡ್ಲಿ? ಅದೊಂದು ಹೇಳಿಕೊಡಿ, ಉಳಿದಿದ್ದು ನಾನು ಹೇಳ್ತೀನಿ...

ಹೇಳಿಕೊಡಲ್ವಾ.

ಬಂದೆ. ನಡೀರಿ ಮುಂದೆ.